‘ಇನ್ನೊಂದು ಕೆನ್ನೆ’ ಪ್ರಶ್ನೆ ಬಂದಾಗ ಬೈಬಲ್ ಸ್ಟಡಿ ನಡೆಸೋದು ಹೇಗೆ

ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ತಿರುಗಿಸು ಅಂತ ಯೇಸು ಹೇಳಿದ್ದಾನೆ. ಯೂತ್ ಕೂಟ ನಡೆಸುವವರಿಗೆ ಆ ಮಾತಿನ ಬಗ್ಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗೇ ಆಗುತ್ತದೆ. ಹಿಂದಿನ ಸಾಲಿನ ಹುಡುಗ ಕೈ ಎತ್ತುತ್ತಾನೆ. "ಅಣ್ಣ, ರಾತ್ರಿ ಮನೆಗೆ ಕಳ್ಳ ನುಗ್ಗಿ ಅಮ್ಮನ ಕುತ್ತಿಗೆಗೆ ಚಾಕು ಇಟ್ಟರೆ ಏನು ಮಾಡಬೇಕು? ಇನ್ನೊಂದು ಕೆನ್ನೆ ತೋರಿಸಬೇಕಾ?" ಎಲ್ಲರೂ ನಗುತ್ತಾರೆ. ನೀವೂ ನಗುತ್ತೀರಿ, ಯಾಕಂದ್ರೆ ಉತ್ತರ ಗೊತ್ತಿಲ್ಲ. ಆಮೇಲೆ "ಪ್ರಾರ್ಥನೆ ಮಾಡಬೇಕಪ್ಪಾ" ಅಂತ ಏನೋ ಒಂದು ಹೇಳಿ ಮುಂದಿನ ಹಾಡಿಗೆ ಹೋಗಿಬಿಡುತ್ತೀರಿ. ನಾನೂ ಹಾಗೇ ಮಾಡಿದವನು.

ಈ ಬರಹ ಅಂಥ ಕೂಟ ನಡೆಸುವವರಿಗೆ. ಒಂದು ಸಂಜೆ ಸಾಲದು, ಎರಡು ವಾರ ಇಟ್ಟುಕೊಳ್ಳಿ, ವಾರಕ್ಕೊಂದು ಸಂಜೆ, ಒಂದೂವರೆ ಗಂಟೆ. ನಾನು ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದವನು, ಹಾಗಾಗಿ ಮಾತು ಆ ಕಡೆ ಸ್ವಲ್ಪ ವಾಲಬಹುದು. ಕಥೋಲಿಕರು ಹೇಳುವುದನ್ನೂ ಸೇರಿಸುತ್ತೇನೆ. ಈ ವಿಷಯದಲ್ಲಿ ಅವರು ನಮಗಿಂತ ಚೊಕ್ಕವಾಗಿ ಬರೆದಿಟ್ಟಿದ್ದಾರೆ ಅಂತ ಒಪ್ಪಲೇಬೇಕು.

ಮೊದಲು ಚೀಟಿ, ಆಮೇಲೆ ಬೈಬಲ್

ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಬರೆಯೋದು ಬೇಡ. ತಾವು ಕಂಡ ಅಥವಾ ತಮಗೇ ಆದ ಒಂದು ಹೊಡೆತ, ಬೆದರಿಕೆ ಅಥವಾ ಅವಮಾನವನ್ನು ಎರಡೇ ಸಾಲಲ್ಲಿ ಬರೆಯಲಿ. ಸಿನಿಮಾ ಕಳ್ಳ, ಸಿನಿಮಾ ಚಾಕು ಬೇಡ, ನಿಜವಾಗಿ ಆದದ್ದು ಬೇಕು. ನಾನು ನಡೆಸಿದ ಕೂಟಗಳಲ್ಲಿ ಆ ಮಧ್ಯರಾತ್ರಿಯ ಕಳ್ಳ ಒಂದು ಚೀಟಿಯಲ್ಲೂ ಬಂದಿಲ್ಲ. ಬರುವುದೇ ಬೇರೆ. ಹಾಸ್ಟೆಲ್‌ನಲ್ಲಿ ಸೀನಿಯರ್ ಕಪಾಳಕ್ಕೆ ಬಾರಿಸಿದ್ದು, ಬಸ್ಸಿನಲ್ಲಿ ಯಾರೋ ಮೈಗೆ ಕೈ ಹಾಕಿದ್ದು, ಹೊಲದ ಬದುವಿನ ಜಗಳಕ್ಕೆ ದೊಡ್ಡಪ್ಪನ ಮಕ್ಕಳು ಕುಡುಗೋಲು ಹಿಡಿದು ಬಂದದ್ದು, ಮನೆಯಲ್ಲಿ ಪ್ರಾರ್ಥನೆ ನಡೆಯುವಾಗ ಹೊರಗೆ ನಿಂತು ಗಲಾಟೆ ಮಾಡಿದ್ದು. ಮತ್ತೆ ಪ್ರತಿ ಸಲವೂ ಒಂದು ಚೀಟಿ ಇದ್ದೇ ಇರುತ್ತದೆ: ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಾರೆ.

ಚೀಟಿಗಳನ್ನು ಚಾಪೆಯ ಮೇಲೆ ನಾಲ್ಕು ಗುಂಪು ಮಾಡಿ. ಮರ್ಯಾದೆಗೆ ಬಿದ್ದ ಪೆಟ್ಟು ಒಂದು ಕಡೆ. ನನ್ನ ಮೈಗೆ, ಪ್ರಾಣಕ್ಕೆ ಅಪಾಯ ಇನ್ನೊಂದು ಕಡೆ. ಬೇರೆಯವರಿಗೆ ಅಪಾಯ ಇದ್ದು ನಾನು ಪಕ್ಕದಲ್ಲಿ ನಿಂತಿರುವುದು ಮೂರನೆಯದು. ಎಲ್ಲ ಮುಗಿದ ಮೇಲೆ ಮುಯ್ಯಿ ತೀರಿಸುವ ಆಸೆ ನಾಲ್ಕನೆಯದು. ಕೆಲವು ಚೀಟಿ ಎಲ್ಲಿಗೆ ಹೋಗಬೇಕು ಅಂತಲೇ ಹತ್ತು ನಿಮಿಷ ವಾದ ಆಗುತ್ತದೆ, ಆಗಲಿ ಬಿಡಿ. ಈ ವಿಷಯದಲ್ಲಿ ಜನ ಕಿತ್ತಾಡುವುದೇ ಒಬ್ಬರು ಒಂದನೇ ಗುಂಪನ್ನೂ ಇನ್ನೊಬ್ಬರು ಮೂರನೇ ಗುಂಪನ್ನೂ ತಲೆಯಲ್ಲಿಟ್ಟುಕೊಂಡು ಒಂದೇ ವಚನ ಹಿಡಿದು ಎಳೆದಾಡುವುದರಿಂದ.

ಒಂದು ಎಚ್ಚರಿಕೆ. ಚೀಟಿ ಓದುವಾಗ ಯಾರ ಕೈಬರಹ ಅಂತ ಊಹಿಸಲು ಬಿಡಬೇಡಿ. ನೀವೇ ಓದಿ, ಓದಿದ್ದನ್ನು ಕಿಸೆಗೆ ಹಾಕಿಕೊಳ್ಳಿ.

ಮತ್ತಾಯ 5: ಬಲಗೆನ್ನೆ ಯಾಕೆ?

ಈಗ ಪರ್ವತ ಪ್ರಸಂಗ. ಮತ್ತಾಯ 5ನೇ ಅಧ್ಯಾಯ, 38ರಿಂದ 48ರ ತನಕ ಪೂರ್ತಿ ಓದಿಸಿ, 39ನ್ನು ಮಾತ್ರ ಕಿತ್ತು ಓದಬೇಡಿ. ನಮ್ಮ ಕಡೆ ಇನ್ನೊಂದು ಕೆನ್ನೆಯ ಮಾತು ಗಾಂಧೀಜಿ ಹೇಳಿದ್ದು ಅಂದುಕೊಂಡವರು ಎಷ್ಟೋ ಜನ ಇದ್ದಾರೆ. ಸಭೆಯೊಳಗೂ ಇದ್ದಾರೆ, ನಗಬೇಡಿ.

‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು’ ಅನ್ನುವುದನ್ನು ಮೊದಲು ವಿವರಿಸಿ. ಅದು ಕ್ರೌರ್ಯದ ಕಾನೂನು ಅಂತ ಎಲ್ಲರೂ ತಿಳಿದಿರುತ್ತಾರೆ. ನಿಜಕ್ಕೂ ಅದು ಮುಯ್ಯಿಗೆ ಹಾಕಿದ ಮಿತಿ. ಒಂದು ಹಲ್ಲು ಹೋದದ್ದಕ್ಕೆ ಇಡೀ ಕುಟುಂಬವನ್ನು ಕೊಲ್ಲಬೇಡ, ಒಂದು ಹಲ್ಲಿಗೆ ನಿಲ್ಲಿಸು ಅನ್ನುವ ಮಾತು. ಯೇಸು ಆ ಮಿತಿಯನ್ನು ಇನ್ನೂ ಕೆಳಗೆ ತರುತ್ತಾನೆ.

ಆಮೇಲೆ ಇಬ್ಬರನ್ನು ಎದುರುಬದುರು ನಿಲ್ಲಿಸಿ. (ಹೊಡೆಯಬಾರದು ಅಂತ ಮೊದಲೇ ಹೇಳಿ, ಹುಡುಗರು ನಿಜವಾಗಿ ಬಾರಿಸಿಬಿಡುತ್ತಾರೆ.) ಬಲಗೈಯಿಂದ ಎದುರಿನವನ ಬಲಗೆನ್ನೆ ಮುಟ್ಟಲು ಹೇಳಿ. ಅಂಗೈ ಸರಿಯಾಗಿ ಬೀಳುವುದಿಲ್ಲ, ಕೈಯ ಹಿಂಬದಿಯಿಂದಲೇ ಹೊಡೆಯಬೇಕಾಗುತ್ತದೆ. ಅದು ಯಜಮಾನ ಆಳಿಗೆ ಹೊಡೆಯುವ ರೀತಿ. ನಮ್ಮಲ್ಲಿ ಚಪ್ಪಲಿ ತೆಗೆದು ತೋರಿಸುತ್ತಾರಲ್ಲ, ಹಾಗೆ. ನೋವಿಗಿಂತ ಮರ್ಯಾದೆ ಹೋಗುವುದು ಜಾಸ್ತಿ. ಅಂಥವನಿಗೆ ಎಡಗೆನ್ನೆ ತಿರುಗಿಸಿದರೆ ‘ಹೊಡೆಯೋದಾದರೆ ಸಮಾನನಿಗೆ ಹೊಡೆದ ಹಾಗೆ ಹೊಡಿ’ ಅಂದ ಹಾಗಾಯಿತು. ಮುಂದಿನ ಎರಡು ಉದಾಹರಣೆಗಳೂ ಇದೇ ಜಾತಿಯವು: ಅಂಗಿಗಾಗಿ ಕೋರ್ಟಿಗೆ ಎಳೆಯುವವನು, ಒಂದು ಮೈಲಿ ಬಿಟ್ಟಿ ಹೊರೆ ಹೊರಿಸುವವನು. ರೋಮಿನ ಸಿಪಾಯಿಗಳು ಊರವರಿಗೆ ಹೀಗೆ ಹೊರಿಸುತ್ತಿದ್ದರು. ಮೂರರಲ್ಲೂ ಕೊಲೆಯ ಮಾತಿಲ್ಲ. ಅಂದರೆ ಈ ವಚನ ನೇರವಾಗಿ ನಮ್ಮ ಒಂದನೇ ಮತ್ತು ನಾಲ್ಕನೇ ಗುಂಪಿನ ಚೀಟಿಗಳಿಗೆ ಬಂದು ಕೂರುತ್ತದೆ.

ಇಲ್ಲಿಗೆ ಎಲ್ಲರ ಮುಖ ಅರಳುತ್ತದೆ. ‘ಅಯ್ಯೋ ಅಷ್ಟೇನಾ, ಅವಮಾನಕ್ಕೆ ಮಾತ್ರ, ಉಳಿದದ್ದಕ್ಕೆ ತಿರುಗಿ ಬಾರಿಸಬಹುದು’ ಅಂತ. ಅಷ್ಟು ಬೇಗ ಬಿಡಬೇಡಿ. ಲೂಕ 6:29 ತೆರೆಸಿ. ಅಲ್ಲಿ ‘ಬಲ’ ಅನ್ನುವ ಪದವೇ ಇಲ್ಲ, ಬರೀ ಕೆನ್ನೆ. ಮತ್ತಾಯದಲ್ಲೇ 44ನೇ ವಚನದಲ್ಲಿ ವೈರಿಗಳನ್ನು ಪ್ರೀತಿಸಿ ಅಂತಿದೆ, ಅದಕ್ಕೆ ಗಾತ್ರದ ಮಿತಿ ಹಾಕಿಲ್ಲ. ಮತ್ತೆ ಹೇಳಿದವನೇ ಶಿಲುಬೆಗೆ ಹೋದ, ಕೈ ಎತ್ತಲಿಲ್ಲ. ಹಿಂಸೆಯನ್ನು ಪೂರ್ತಿ ಬಿಟ್ಟ ಕ್ರೈಸ್ತರು ಇದನ್ನೇ ತೋರಿಸುತ್ತಾರೆ, ಅವರ ವಾದ ಹಗುರವಾದದ್ದಲ್ಲ. ಬಲಗೆನ್ನೆ ವಿವರಣೆ ನನಗೆ ಇಷ್ಟ. ಆದರೆ ಅದು ಓದುವ ಒಂದು ಬಗೆ ಅಂತಲೇ ಹೇಳಿ, ಅದೇ ವಚನ ಅನ್ನಬೇಡಿ.

ಕಪಾಳಕ್ಕೆ ಹೊಡೆದಾಗ ಯೇಸು ಏನು ಮಾಡಿದ?

ಹೆಚ್ಚಿನವರು ಮರೆತಿರುವ ಜಾಗ ಇದು. ಯೋಹಾನ 18:22. ಮಹಾಯಾಜಕನ ಮುಂದೆ ವಿಚಾರಣೆ ನಡೆಯುವಾಗ ಓಲೇಕಾರನೊಬ್ಬ ಯೇಸುವಿಗೆ ಹೊಡೆಯುತ್ತಾನೆ. ಯೇಸು ಇನ್ನೊಂದು ಕೆನ್ನೆ ತಿರುಗಿಸಿದ ಅಂತ ಅಲ್ಲಿ ಬರೆದಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಸರಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳುತ್ತಾನೆ. ತಿರುಗಿ ಹೊಡೆಯಲಿಲ್ಲ, ಸುಮ್ನೆ ಕೂಡ ಇರಲಿಲ್ಲ.

ಒಮ್ಮೆ ಇಲ್ಲಿಗೆ ಬಂದಾಗ ಒಬ್ಬ ಅಜ್ಜ ಹಾವಿನ ಕಥೆ ತೆಗೆದರು. ಕಚ್ಚಬೇಡ ಅಂತ ಸಾಧು ಹೇಳಿದ್ದಕ್ಕೆ ಹಾವು ಮಕ್ಕಳ ಕೈಯಲ್ಲಿ ಕಲ್ಲೇಟು ತಿಂದು ಅರೆಜೀವ ಆಗುತ್ತದಲ್ಲ, ಆಗ ಸಾಧು ‘ಕಚ್ಚಬೇಡ ಅಂದೆ, ಬುಸುಗುಟ್ಟಬೇಡ ಅಂದೆನಾ’ ಅನ್ನುತ್ತಾನೆ, ಆ ಕಥೆ. ನಮ್ಮ ಊರಿನ ಕಥೆ, ಯೋಹಾನ 18ಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅವತ್ತಿನಿಂದ ಪ್ರತಿ ಸಲ ಅದನ್ನು ಬಳಸುತ್ತೇನೆ.

ಇದರ ಜೊತೆಗೇ ಓಡಿಹೋಗುವ ವಚನಗಳನ್ನು ಓದಿಸಿ. ಇವುಗಳ ಮೇಲೆ ಪ್ರಸಂಗ ಕೇಳಿದ್ದು ನನಗಂತೂ ಕಡಿಮೆ. ನಜರೇತಿನವರು ಬೆಟ್ಟದಿಂದ ತಳ್ಳಲು ಬಂದಾಗ ಯೇಸು ಜನರ ನಡುವೆ ಹಾದು ಹೊರಟುಹೋದ (ಲೂಕ 4:30). ಕಲ್ಲೆತ್ತಿದಾಗ ಮರೆಯಾದ (ಯೋಹಾನ 8:59). ಒಂದು ಊರಲ್ಲಿ ಹಿಂಸೆ ಕೊಟ್ಟರೆ ಇನ್ನೊಂದು ಊರಿಗೆ ಓಡಿ ಅಂತ ಶಿಷ್ಯರಿಗೆ ಹೇಳಿದ (ಮತ್ತಾಯ 10:23). ಪೌಲನನ್ನು ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿಸಿದರು. ಅದೇ ಪೌಲ ಚಾವಟಿ ಏಟು ಬೀಳುವ ಮೊದಲು ‘ನಾನು ರೋಮಿನ ಪ್ರಜೆ, ವಿಚಾರಣೆ ಮಾಡದೆ ಹೊಡೆಯಬಹುದಾ’ ಅಂತ ಕಾನೂನು ತೆಗೆದ (ಅಪೊಸ್ತಲರ ಕೃತ್ಯಗಳು 22). ಮುಂದಿನ ಅಧ್ಯಾಯದಲ್ಲಿ ನಲವತ್ತಕ್ಕೂ ಹೆಚ್ಚು ಜನ ಅವನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲ ಅಂತ ಶಪಥ ಮಾಡುತ್ತಾರೆ. ಪೌಲ ‘ದೇವರ ಚಿತ್ತ’ ಅಂತ ಕೂತನಾ? ಇಲ್ಲ. ಸುದ್ದಿ ತಂದ ತನ್ನ ಸಹೋದರಿಯ ಮಗನನ್ನು ಸೇನಾಧಿಕಾರಿಯ ಹತ್ತಿರ ಕಳಿಸಿದ. ರಾತ್ರೋರಾತ್ರಿ 200 ಸಿಪಾಯಿ, 70 ಕುದುರೆ ಸವಾರರು, 200 ಭರ್ಜಿಯವರ ಕಾವಲಲ್ಲಿ ಊರು ಬಿಟ್ಟ. ಪೊಲೀಸರಿಗೆ ಫೋನ್ ಮಾಡುವುದು ಅವಿಶ್ವಾಸ ಅನ್ನುವವರು ನಿಮ್ಮ ಕೂಟದಲ್ಲಿದ್ದರೆ ಈ ಅಧ್ಯಾಯ ಅವರ ಕೈಗೇ ಕೊಟ್ಟು ಓದಿಸಿ.

ಕತ್ತಿ ವಚನಗಳು ಬಂದೇ ಬರುತ್ತವೆ

ಯಾರಾದರೂ ಒಬ್ಬರು ಲೂಕ 22:36 ತೆಗೆಯುತ್ತಾರೆ, ಮೇಲಂಗಿ ಮಾರಿ ಕತ್ತಿ ಕೊಳ್ಳಿ ಅನ್ನುವುದು. ಶಿಷ್ಯರು ಎರಡು ಕತ್ತಿ ಇವೆ ಅಂದಾಗ ಯೇಸು ‘ಸಾಕು’ ಅನ್ನುತ್ತಾನೆ. ಹನ್ನೊಂದು ಜನರಿಗೆ ಎರಡು ಕತ್ತಿ ಕಾವಲಿಗೆ ಸಾಕಾ? ಆ ‘ಸಾಕು’ ಲೆಕ್ಕದ ಸಾಕೋ, ‘ಈ ಮಾತು ಸಾಕು’ ಅನ್ನುವ ಸಾಕೋ ಅಂತ ಓದುವವರು ಇವತ್ತಿಗೂ ವಾದ ಮಾಡುತ್ತಾರೆ. ಕೂಟದಲ್ಲಿ ತೀರ್ಪು ಕೊಡಬೇಡಿ, ಹದಿನೈದು ವಚನ ಮುಂದೆ ಹೋಗಿ. ಆ ಕತ್ತಿಗಳಲ್ಲಿ ಒಂದು ಮಹಾಯಾಜಕನ ಆಳಿನ ಕಿವಿ ಕತ್ತರಿಸುತ್ತದೆ, ಯೇಸು ‘ಇಷ್ಟಕ್ಕೇ ಬಿಡಿ’ ಅಂದು ಕಿವಿ ಮುಟ್ಟಿ ವಾಸಿ ಮಾಡುತ್ತಾನೆ. ಹೊಡೆದವನು ಪೇತ್ರ, ಕಿವಿ ಹೋದವನು ಮಲ್ಕ ಅಂತ ಹೆಸರು ಹೇಳುವುದು ಯೋಹಾನ ಮಾತ್ರ. ಯೇಸು ದೇವಾಲಯದಲ್ಲಿ ವ್ಯಾಪಾರಿಗಳನ್ನು ಓಡಿಸಲು ಚಾವಟಿ ಹಿಡಿದನಲ್ಲ ಅನ್ನುವವರಿಗೂ ಯೋಹಾನನನ್ನೇ ತೋರಿಸಿ. ಚಾವಟಿ ಮಾತು ಬರುವುದು ಅವನಲ್ಲಿ ಮಾತ್ರ, ಕುರಿ ಎತ್ತುಗಳ ಜೊತೆಗೇ ಬರುತ್ತದೆ. ಮನುಷ್ಯರ ಬೆನ್ನಿಗೆ ಬಿತ್ತು ಅಂತ ಅಲ್ಲಿ ಬರೆದಿಲ್ಲ.

ಹಳೇ ಒಡಂಬಡಿಕೆಯಿಂದ ಒಂದನ್ನು ತಪ್ಪದೆ ತೆಗೆಯಿರಿ, ವಿಮೋಚನಕಾಂಡ 22:2 ಮತ್ತು 3. ರಾತ್ರಿ ಕನ್ನ ಹಾಕುವ ಕಳ್ಳ ಏಟು ತಿಂದು ಸತ್ತರೆ ಮನೆಯವನ ಮೇಲೆ ರಕ್ತದ ಅಪರಾಧ ಇಲ್ಲ. ಹೊತ್ತು ಹುಟ್ಟಿದ ಮೇಲೆ ಹೊಡೆದು ಕೊಂದರೆ ಇದೆ. ಕತ್ತಲಲ್ಲಿ ಬಂದವನ ಕೈಯಲ್ಲಿ ಏನಿದೆ, ಯಾಕೆ ಬಂದ ಅಂತ ಗೊತ್ತಾಗುವುದಿಲ್ಲ. ಬೆಳಕಿದ್ದರೆ ಗುರುತು ಸಿಗುತ್ತದೆ, ಕೂಗಿದರೆ ನಾಲ್ಕು ಜನ ಬರುತ್ತಾರೆ. ತಮಾಷೆ ಅಂದರೆ ನಮ್ಮ ಭಾರತೀಯ ನ್ಯಾಯ ಸಂಹಿತೆಯ 41ನೇ ಸೆಕ್ಷನ್ನಿನಲ್ಲೂ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದು ನುಗ್ಗುವವನ ಮಾತು ಬೇರೆಯಾಗಿಯೇ ಇದೆ. ಹಿಂದಿನ ಸಾಲಿನ ಹುಡುಗನ ಕಳ್ಳ ಕೊನೆಗೂ ಸಿಕ್ಕ. ಅವನಿಗೆ ನೇರ ಉತ್ತರ ಇಲ್ಲಿಂದ ಕೊಡಿ: ಅಮ್ಮನ ಕುತ್ತಿಗೆಗೆ ಚಾಕು ಇಟ್ಟವನನ್ನು ತಡೆಯುವುದು ತಪ್ಪು ಅಂತ ಬೈಬಲಿನ ಕಾನೂನು ಹೇಳುವುದಿಲ್ಲ. ಬಿದ್ದವನನ್ನು ಕಟ್ಟಿಹಾಕಿದ ಮೇಲೂ ಬಡಿಯುತ್ತಾ ನಿಂತರೆ, ಅದು ಹೊತ್ತು ಹುಟ್ಟಿದ ಮೇಲಿನ ಹೊಡೆತ.

ಎರಡನೇ ವಾರ: ಹಿಂದಿನವರು ಏನು ಮಾಡಿದರು

ಇಸವಿಗಳ ಪಟ್ಟಿ ಹಿಡಿದು ಕೂತರೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ನಾಲ್ಕೈದು ಜನರ ಕಥೆ ಹೇಳಿ ಸಾಕು.

ಮೊದಲನೆಯವನು ಮ್ಯಾಕ್ಸಿಮಿಲಿಯನ್. 295ರಲ್ಲಿ, ಇವತ್ತಿನ ಅಲ್ಜೀರಿಯಾದ ತೆಬೆಸ್ಸಾ ಊರಲ್ಲಿ, ಹಳೇ ಸಿಪಾಯಿಯ ಮಗ, 21 ವರ್ಷ. ಸೈನ್ಯಕ್ಕೆ ಅಳತೆ ತೆಗೆಯಲು ನಿಲ್ಲಿಸಿದರೆ ‘ನಾನು ಕ್ರೈಸ್ತ, ಸೈನ್ಯದಲ್ಲಿ ಇರಲಾರೆ’ ಅಂದ. ತಲೆ ಕಡಿದರು. ಆದರೆ ಅದೇ ವಿಚಾರಣೆಯಲ್ಲಿ ಅಧಿಕಾರಿ ಅವನಿಗೆ ಹೇಳಿದ್ದನ್ನೂ ಸೇರಿಸಿ ಹೇಳಿ: ಚಕ್ರವರ್ತಿಗಳ ಕಾವಲಿನಲ್ಲಿ ಕ್ರೈಸ್ತ ಸಿಪಾಯಿಗಳು ಇದ್ದಾರಲ್ಲ? ಅಂದರೆ ಆಗಲೇ ಸಭೆಯಲ್ಲಿ ಎರಡು ದಾರಿ ಇದ್ದವು.

ಸುಮಾರು 400ರ ಹೊತ್ತಿಗೆ ಉತ್ತರ ಆಫ್ರಿಕಾದಲ್ಲಿ ಬಿಷಪ್ ಆಗಿದ್ದ ಅಗಸ್ಟೀನನ ಕಥೆ ಕೇಳಿದರೆ ಆಶ್ಚರ್ಯ ಆಗುತ್ತದೆ. ಧರ್ಮಯುದ್ಧದ (ನ್ಯಾಯಕ್ಕಾಗಿ ಮಾಡುವ ಯುದ್ಧ ತಪ್ಪಲ್ಲ ಅನ್ನುವ) ವಾದಕ್ಕೆ ಎಲ್ಲರೂ ಅವನ ಹೆಸರನ್ನೇ ಹೇಳುತ್ತಾರೆ. ಆದರೆ ಪುಬ್ಲಿಕೋಲ ಅನ್ನುವವನಿಗೆ ಬರೆದ ಕಾಗದದಲ್ಲಿ ಅವನ ನಿಲುವು ಬೇರೆ. ತನ್ನ ಪ್ರಾಣ ಉಳಿಸಿಕೊಳ್ಳಲು ಇನ್ನೊಬ್ಬನನ್ನು ಕೊಲ್ಲುವುದನ್ನು ತಾನು ಒಪ್ಪುವುದಿಲ್ಲ ಅನ್ನುತ್ತಾನೆ. ಸಿಪಾಯಿಯೋ ಅಧಿಕಾರಿಯೋ ಬೇರೆಯವರ ರಕ್ಷಣೆಗಾಗಿ, ತನಗಿರುವ ಅಧಿಕಾರದ ಒಳಗೆ ಮಾಡಿದರೆ ಅದು ಬೇರೆ. ಮತ್ತೆ ಚೀಟಿಗಳ ಕಡೆ ಬೆರಳು ತೋರಿಸಿ. ಎರಡನೇ ಗುಂಪಿಗೆ ಅವನು ‘ಬೇಡ’ ಅಂದ, ಮೂರನೇ ಗುಂಪಿಗೆ ‘ಆಗಬಹುದು’ ಅಂದ. ನಾವು ಮಾಡುವುದು ಇದಕ್ಕೆ ಉಲ್ಟಾ. ನಮ್ಮ ಮೈಗೆ ಬಂದರೆ ಸಿಡಿದೇಳುತ್ತೇವೆ, ಪಕ್ಕದ ಮನೆಯಲ್ಲಿ ಕಿರುಚಾಟ ಕೇಳಿದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತೇವೆ.

ಎಂಟುನೂರಕ್ಕೂ ಹೆಚ್ಚು ವರ್ಷದ ನಂತರ ಕಥೋಲಿಕ ಪಂಡಿತ ತೋಮಸ್ ಅಕ್ವಿನಾಸ್ ಇದನ್ನು ಸಡಿಲಿಸಿದ. ಪ್ರಾಣ ಉಳಿಸಿಕೊಳ್ಳುವುದು ಉದ್ದೇಶವಾಗಿದ್ದು, ಎದುರಿನವನು ಸತ್ತದ್ದು ಉದ್ದೇಶ ಮೀರಿ ಆದ ಪರಿಣಾಮವಾಗಿದ್ದರೆ ತಪ್ಪಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಬಲ ಹಾಕಿದರೆ ತಪ್ಪು. ಕಥೋಲಿಕರ ಇವತ್ತಿನ ಕೆಟೆಕಿಸಂ (ಸಭೆಯ ಬೋಧನೆಯ ಪುಸ್ತಕ) ಇದರ ಮೇಲೇ ನಿಂತಿದೆ. ಬೇರೆಯವರ ಜೀವದ ಹೊಣೆ ಹೊತ್ತವರಿಗೆ ರಕ್ಷಣೆ ಬರೀ ಹಕ್ಕಲ್ಲ, ಗಂಭೀರ ಕರ್ತವ್ಯವೂ ಆಗಬಹುದು ಅಂತ 2265ನೇ ಕಂಡಿಕೆಯಲ್ಲಿದೆ.

ಈಗ ಡಿರ್ಕ್ ವಿಲೆಮ್ಸ್. ಇವನಿಗೆ ಸಮಯ ಕೊಡಿ. 1569, ನೆದರ್ಲೆಂಡ್ಸಿನ ಆಸ್ಪೆರೆನ್. ದೊಡ್ಡವನಾದ ಮೇಲೆ ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಂಡ, ತನ್ನ ಮನೆಯಲ್ಲೇ ಬೇರೆಯವರಿಗೂ ಮಾಡಿಸಿದ ಅನ್ನುವುದು ಅವನ ಅಪರಾಧ. ಈ ಅನಬ್ಯಾಪ್ಟಿಸ್ಟರ ಗುಂಪು 1525ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾಯಿತು, 1527ರಲ್ಲಿ ಶ್ಲೈಟ್‌ಹೈಮ್‌ನಲ್ಲಿ ಕೂಡಿ ಕತ್ತಿ ಹಿಡಿಯುವುದು ನಮಗಲ್ಲ ಅಂತ ಬರೆದುಕೊಂಡಿತು. (ಎಲ್ಲರೂ ಸಾಧುಗಳಾಗಿರಲಿಲ್ಲ. 1534ರಲ್ಲಿ ಮುನ್‌ಸ್ಟರ್ ಊರನ್ನು ಕತ್ತಿಯ ಬಲದಲ್ಲಿ ಹಿಡಿದವರೂ ಇದೇ ಹೆಸರಿನವರು. ಇದನ್ನು ಮುಚ್ಚಿಡಬೇಡಿ, ಯಾರೋ ಒಬ್ಬರು ಗೂಗಲ್ ಮಾಡಿ ಎತ್ತುತ್ತಾರೆ.) ಡಿರ್ಕ್ ಸೆರೆಯಿಂದ ಬಟ್ಟೆ ಗಂಟು ಹಾಕಿದ ಹಗ್ಗ ಹಿಡಿದು ಇಳಿದು ಓಡಿದ. ಹೆಪ್ಪುಗಟ್ಟಿದ ನೀರಿನ ಮೇಲೆ ತೆಳು ಮಂಜುಗಡ್ಡೆ. ಇವನು ದಾಟಿದ, ಬೆನ್ನಟ್ಟಿದ ಕಾವಲುಗಾರನ ಕಾಲಡಿಗೆ ಅದು ಒಡೆಯಿತು. ಡಿರ್ಕ್ ತಿರುಗಿ ಬಂದು ಅವನನ್ನು ಎಳೆದು ಮೇಲೆತ್ತಿದ. ಕಾವಲುಗಾರ ಇವನನ್ನು ಬಿಟ್ಟುಬಿಡಲು ಸಿದ್ಧನಿದ್ದ, ದಡದಲ್ಲಿದ್ದ ಅಧಿಕಾರಿ ಬಿಡಲಿಲ್ಲ. ಮೇ 16ರಂದು ಸುಟ್ಟರು.

ಕಥೆ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಅವನು ಓಡಿದ್ದು ತಪ್ಪಾ? ಯಾರೂ ಹೌದು ಅನ್ನುವುದಿಲ್ಲ. ಹಿಂಸೆ ಬಿಟ್ಟವನು ಅಂದರೆ ಕೂತಲ್ಲೇ ಕೊರಳು ಕೊಡುವವನು ಅನ್ನುವ ಕಲ್ಪನೆ ಅಲ್ಲಿಗೆ ಬೀಳುತ್ತದೆ. ಅವನು ಹಗ್ಗ ಹೊಸೆದ, ಗೋಡೆ ಇಳಿದ, ಓಡಿದ. ತಿರುಗಿದ್ದು ಮುಳುಗುವವನ ಕೂಗಿಗೆ ಮಾತ್ರ.

ಸಮಯ ಉಳಿದರೆ ಎರಡನೇ ಮಹಾಯುದ್ಧದ ಇಬ್ಬರು ಪಾಸ್ಟರ್‌ಗಳನ್ನು ಅಕ್ಕಪಕ್ಕ ಇಡಿ. ಫ್ರಾನ್ಸಿನ ಲೆ ಶಾಂಬೋನ್ ಹಳ್ಳಿಯಲ್ಲಿ ಆಂದ್ರೆ ತ್ರೊಕ್ಮೆ ಮತ್ತು ಅವನ ಹೆಂಡತಿ ಮಾಗ್ದಾ ಬಂದೂಕು ಮುಟ್ಟದೆ, ಊರವರೊಂದಿಗೆ ಸೇರಿ, ಸಾವಿರಾರು ಯೆಹೂದ್ಯರಿಗೆ ಆಸರೆ ಕೊಟ್ಟರು. ಜರ್ಮನಿಯಲ್ಲಿ ಡೀಟ್ರಿಕ್ ಬೊನ್‌ಹೋಫರ್ ಶಾಂತಿವಾದದ ಕಡೆ ಒಲಿದಿದ್ದವನು, ಕೊನೆಗೆ ಹಿಟ್ಲರನನ್ನು ಮುಗಿಸಲು ಹೊರಟವರ ಬಳಗ ಸೇರಿದ. 1945ರ ಏಪ್ರಿಲ್ 9ರಂದು ನೇಣಿಗೇರಿದ. ಇಬ್ಬರಲ್ಲಿ ಯಾರು ಸರಿ ಅಂತ ನನ್ನನ್ನು ಕೇಳಿದರೆ, ಮನಸ್ಸು ತ್ರೊಕ್ಮೆ ದಂಪತಿಯ ಕಡೆ ಹೋಗುತ್ತದೆ. ಆದರೆ ಬೊನ್‌ಹೋಫರ್ ನಿಂತ ಜಾಗದಲ್ಲಿ ನಾನು ನಿಂತವನಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಒಂದು ಸಂಗತಿ ಹುಡುಗರಿಗೆ ಬಹಳ ಇಷ್ಟ ಆಗುತ್ತದೆ. ಅವನು ಹುಟ್ಟಾ ಅಹಿಂಸಾವಾದಿ ಆಗಿರಲಿಲ್ಲ. 1956ರ ಜನವರಿ 30ರಂದು ಮಾಂಟ್‌ಗೊಮೆರಿಯ ಮನೆಯ ಜಗಲಿಗೆ ಬಾಂಬ್ ಬಿತ್ತು, ಒಳಗೆ ಹೆಂಡತಿ ಮತ್ತು ಹಸುಗೂಸು. ಆ ದಿನಗಳಲ್ಲಿ ಮನೆಯಲ್ಲಿ ಬಂದೂಕು ಇತ್ತು, ಪರವಾನಗಿಗೆ ಅರ್ಜಿಯೂ ಹಾಕಿದ್ದ, ಸಿಗಲಿಲ್ಲ. ಆ ರಾತ್ರಿ ಆಯುಧ ಹಿಡಿದು ಸೇರಿದ ತನ್ನ ಕಡೆಯ ಜನರನ್ನು ಮನೆಗೆ ಹೋಗಿ ಅಂತ ಕಳಿಸಿದ. ಆಮೇಲೆ ಬಂದೂಕನ್ನೂ ಬಿಟ್ಟ. ಇಂಥ ನಿಲುವು ಒಂದು ಕೂಟದಲ್ಲಿ ಬರುವುದಿಲ್ಲ, ನಿಮ್ಮ ಹುಡುಗರಿಂದಲೂ ಅವತ್ತೇ ಬಯಸಬೇಡಿ.

ಮನೆಯೊಳಗಿನ ಹೊಡೆತ

ಆ ಚೀಟಿಗೆ ಈಗ ಬನ್ನಿ. ಉಳಿದದ್ದೆಲ್ಲ ಬಿಟ್ಟುಹೋದರೂ ಇದನ್ನು ಬಿಡಬೇಡಿ.

ಹಲವು ವರ್ಷದ ಹಿಂದೆ ನಮ್ಮ ಕೂಟಕ್ಕೆ ಬರುತ್ತಿದ್ದ ಒಬ್ಬ ಅಕ್ಕ ಕೈಮೇಲಿನ ಗಾಯಕ್ಕೆ ‘ಒಲೆ ತಾಗಿತು’ ಅಂದಿದ್ದರು. ಒಂದು ದಿನ ನಿಜ ಹೇಳಿದರು. ನಾನು, ಬೈಬಲ್ ಸ್ಟಡಿ ಅಣ್ಣ, ಏನಂದೆ ಗೊತ್ತಾ? "ಸಹಿಸಿಕೊಳ್ಳಿ ಅಕ್ಕ, ಕರ್ತನು ಮನಸ್ಸು ಬದಲಾಯಿಸುತ್ತಾನೆ, ಯೇಸುವೂ ಇನ್ನೊಂದು ಕೆನ್ನೆ ಅಂದಿದ್ದಾನಲ್ಲ." ಅವರು ತಲೆಯಾಡಿಸಿ ಹೋದರು. ಆರು ತಿಂಗಳಾದ ಮೇಲೆ ಕೈ ಮುರಿದುಕೊಂಡು ತವರಿಗೆ ಹೋದರು, ಆ ಮೇಲೆ ಕೂಟಕ್ಕೆ ಬರಲಿಲ್ಲ. ಈ ವಿಷಯ ಓದಲು ನಾನು ಕೂತದ್ದೇ ಅದರ ನಂತರ.

ಆ ಮಾತಿನ ತಪ್ಪು ಈಗ ನನಗೆ ಕಾಣುತ್ತದೆ. ತಿರುಗಿಸಲು ಹೇಳಿದ್ದು ನಿನ್ನ ಕೆನ್ನೆಯನ್ನು. ನಾನು ತಿರುಗಿಸಿದ್ದು ಆ ಅಕ್ಕನ ಕೆನ್ನೆಯನ್ನು. ನನಗೆ ಒಂದು ಪೆಟ್ಟೂ ಬೀಳಲಿಲ್ಲ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಕಳ್ಳರ ಏಟಿಗೆ ಬಿದ್ದವನ ಪಕ್ಕದಿಂದ ಹಾದುಹೋದ ಯಾಜಕ ಇದ್ದಾನಲ್ಲ, ಅವನಾದರೂ ಬಿದ್ದವನಿಗೆ ಸಹಿಸಿಕೋ ಅಂತ ಉಪದೇಶ ಮಾಡಲಿಲ್ಲ.

ಯಾರಾದರೂ ಹೀಗೆ ಬಂದು ಹೇಳಿದರೆ ಮಾಡಬೇಕಾದ್ದು ಇಷ್ಟು. ಮೊದಲು ನಂಬಿ. ಗಂಡ ಸಭೆಯಲ್ಲಿ ಎಷ್ಟೇ ಚೆನ್ನಾಗಿ ಪ್ರಾರ್ಥನೆ ಮಾಡುವವನಿರಲಿ. ಅವನನ್ನೂ ಅವರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ, ಮನೆಗೆ ಹೋದ ಮೇಲೆ ಆ ಮಾತಿಗೇ ಇನ್ನೊಂದು ಏಟು ಬೀಳುತ್ತದೆ. ಇವತ್ತು ರಾತ್ರಿ ಎಲ್ಲಿ ಮಲಗುವುದು ಅಂತ ಕೇಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗಾದರೆ 1098. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಲ್ಲಿ ಅವರು ಅದೇ ಮನೆಯಲ್ಲಿ ಉಳಿಯುವ ಹಕ್ಕು ಕೇಳಬಹುದು, ಅವನು ಹತ್ತಿರ ಬರದಂತೆ ಮ್ಯಾಜಿಸ್ಟ್ರೇಟರಿಂದ ಆದೇಶ ತರಬಹುದು. ಹೋಗುವುದೋ ಇರುವುದೋ ಅನ್ನುವುದನ್ನು ಅವರೇ ತೀರ್ಮಾನಿಸಲಿ, ನೀವು ಬಲವಂತ ಮಾಡಬೇಡಿ. 1 ಪೇತ್ರ 2 ಮತ್ತು 3 ತೆಗೆದು ಅಧೀನತೆಯ ಮಾತು ಆಡುವ ಹಿರಿಯರು ಬರುತ್ತಾರೆ. ಅದೇ 3ನೇ ಅಧ್ಯಾಯದ 7ನೇ ವಚನ ಓದಿಸಿ, ಹೆಂಡತಿಗೆ ಮಾನ ಕೊಡದ ಗಂಡನ ಪ್ರಾರ್ಥನೆಗೇ ಅಡ್ಡಿ ಬರುತ್ತದೆ ಅಂತಿದೆ.

ಕಾನೂನು, ಕರಾಟೆ, ಗಲಾಟೆ

ಕಾನೂನಿನ ಭಾಗಕ್ಕೆ ಹತ್ತು ನಿಮಿಷ ಸಾಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆತ್ಮರಕ್ಷಣೆಯ ಮಾತು 34ರಿಂದ 44ನೇ ಸೆಕ್ಷನ್ ತನಕ. ನಿಮ್ಮ ಮೈ ಮಾತ್ರವಲ್ಲ, ಬೇರೆಯವರ ಮೈಯನ್ನೂ ಕಾಯಬಹುದು. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಆ ಹಕ್ಕು ಇಲ್ಲ. ಕಾಯಲು ಬೇಕಾದಷ್ಟಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಾಗಿಲ್ಲ. ಪ್ರಾಣಾಪಾಯ, ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಹೊತ್ತಲ್ಲಿ ಮಾತ್ರ ಎದುರಿನವನ ಸಾವಿನ ತನಕ ಅದು ಹೋಗಬಹುದು. ಅಕ್ವಿನಾಸನ ಮಾತೇ ಕೇಳಿದ ಹಾಗಿಲ್ವಾ?

ಹೆಣ್ಣುಮಕ್ಕಳು ಕರಾಟೆ ಕಲಿಯಬಹುದಾ ಅಂತ ತಾಯಂದಿರು ಕೇಳುತ್ತಾರೆ. ಕಲಿಯಲಿ. ಗಟ್ಟಿಯಾಗಿ ಕೂಗುವುದು, ಕೈ ಬಿಡಿಸಿಕೊಳ್ಳುವುದು, ಜನ ಇರುವ ಕಡೆ ಓಡುವುದು ಯಾವ ಪಂಥದವರಿಗೂ ತಕರಾರಿಲ್ಲದ ವಿದ್ಯೆ. ಮನುಷ್ಯರ ಮೇಲೆ ಕತ್ತಿ ಬಂದೂಕು ಎತ್ತುವುದು ಬೇಡವೇ ಬೇಡ ಅನ್ನುವ, ಅನಬ್ಯಾಪ್ಟಿಸ್ಟರ ಪರಂಪರೆಯ ಆಮಿಶ್ ಜನರಲ್ಲೂ ಹೀಗೇ. 2006ರ ಅಕ್ಟೋಬರ್ 2ರಂದು ಅಮೆರಿಕದ ನಿಕಲ್ ಮೈನ್ಸ್‌ನ ಅವರ ಶಾಲೆಗೆ ಬಂದೂಕು ಹಿಡಿದು ಒಬ್ಬ ನುಗ್ಗಿದಾಗ ಟೀಚರ್ ಹೊರಗೆ ಓಡಿ ಪಕ್ಕದ ತೋಟದ ಮನೆಯಿಂದ ಪೊಲೀಸರಿಗೆ ಫೋನ್ ಮಾಡಿಸಿದರು. ಐದು ಹುಡುಗಿಯರು ಸತ್ತರು. ಕೊಂದವನ ಮಣ್ಣಿಗೆ ಆಮಿಶ್ ಜನ ಹೋದರು, ಅವನ ಹೆಂಡತಿಗೆ ಸಮಾಧಾನ ಹೇಳಿದರು.

ಪ್ರಾರ್ಥನೆಗೆ ಅಡ್ಡಿ ಮಾಡಲು ಗುಂಪು ಬಂದರೆ? 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಮುತ್ತ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದದ್ದು ಗೊತ್ತಿರುವವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮೊದಲೇ ಕೂತು ಮಾತಾಡಿಕೊಳ್ಳಿ, ಆ ಹೊತ್ತಲ್ಲಿ ಯೋಚನೆ ಬರುವುದಿಲ್ಲ. ಮಕ್ಕಳನ್ನೂ ವಯಸ್ಸಾದವರನ್ನೂ ಹಿಂಬಾಗಿಲಿಂದ ಕರೆದೊಯ್ಯುವವರು ಯಾರು, 112ಕ್ಕೆ ಫೋನ್ ಯಾರು, ಬಾಗಿಲಲ್ಲಿ ನಿಂತು ಮೆತ್ತಗೆ ಮಾತಾಡುವವರು ಯಾರು, ದೂರದಿಂದ ವಿಡಿಯೋ ಮಾಡುವವರು ಯಾರು. ಬಿಸಿ ರಕ್ತದ ಹುಡುಗರಿಗೆ ಮಕ್ಕಳನ್ನು ಕರೆದೊಯ್ಯುವ ಕೆಲಸ ಕೊಡಿ. ಎರಡೂ ಕೈಯಲ್ಲಿ ಮಗು ಇದ್ದರೆ ಕಲ್ಲು ಎತ್ತಲು ಆಗಲ್ಲ. ಮುಗಿದ ಮೇಲೆ ಅವತ್ತೇ ಎಲ್ಲ ಬರೆದಿಟ್ಟು ದೂರು ಕೊಡಿ.

ಕ್ಷಮಿಸಿದ ಮೇಲೆ ದೂರು ಯಾಕೆ ಅಂತ ಒಬ್ಬರಾದರೂ ಕೇಳುತ್ತಾರೆ. ಗ್ಲ್ಯಾಡಿಸ್ ಸ್ಟೇನ್ಸ್ ವಿಷಯ ಹೇಳಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ, ಆಸ್ಟ್ರೇಲಿಯಾದ ಮಿಷನರಿ ಗ್ರಹಾಮ್‌ರನ್ನೂ, 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಮಲಗಿದ್ದಾಗಲೇ ಸುಟ್ಟರು. ಆ ತಾಯಿ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು, ಬಾರಿಪದಾದ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಕೊನೆ ಮತ್ತು 13ರ ಮೊದಲ ನಾಲ್ಕು ವಚನ ಒಟ್ಟಿಗೆ ಓದಿಸಿದರೆ ಇದು ಅರ್ಥ ಆಗುತ್ತದೆ. ಮುಯ್ಯಿ ತೀರಿಸಬೇಡ ಅನ್ನುವುದು ನಿನಗೆ, ಶಿಕ್ಷೆಯ ಕೆಲಸ ಅಧಿಕಾರಿಗೆ. ಅಧ್ಯಾಯದ ಗೆರೆ ಆಮೇಲೆ ಹಾಕಿದ್ದು, ಪೌಲ ಒಂದೇ ಉಸಿರಿಗೆ ಬರೆದದ್ದು.

ಮುಗಿಸುವಾಗ ವೋಟು ಹಾಕಿಸಬೇಡಿ, ಯಾರು ಶಾಂತಿವಾದಿ ಯಾರು ಅಲ್ಲ ಅಂತ ಕೈ ಎತ್ತಿಸಬೇಡಿ. ಪೊಲೀಸ್ ಕೆಲಸದಲ್ಲಿರುವವರು, ಮಿಲಿಟರಿಯಿಂದ ರಜೆಗೆ ಬಂದವರು ಅಲ್ಲೇ ಕೂತಿರುತ್ತಾರೆ. ಸ್ನಾನಿಕನಾದ ಯೋಹಾನ ಸಿಪಾಯಿಗಳಿಗೆ ಕೆಲಸ ಬಿಡಿ ಅನ್ನಲಿಲ್ಲ, ಯಾರನ್ನೂ ಹೆದರಿಸಿ ಹಣ ಕೀಳಬೇಡಿ ಅಂದ (ಲೂಕ 3:14), ಅದನ್ನು ಅವರಿಗಾಗಿ ಇಟ್ಟುಕೊಳ್ಳಿ.

ಕಿಸೆಯಲ್ಲಿರುವ ಚೀಟಿಗಳನ್ನು ಮನೆಗೆ ಹೋಗಿ ಸುಟ್ಟುಬಿಡಿ. ಮತ್ತೆ ಪ್ರಾರ್ಥನೆ ಮುಗಿದ ಕೂಡಲೇ ಬೈಕ್ ಕೀ ಹುಡುಕಬೇಡಿ. ಚಹಾದ ಲೋಟ ಎತ್ತುವ, ಚಾಪೆ ಮಡಿಸುವ ನೆಪದಲ್ಲಿ ಒಬ್ಬರು ಹಿಂದೆ ಉಳಿಯುತ್ತಾರೆ. ಏನೂ ಕೇಳಬೇಡಿ, ಚಾಪೆಯ ಇನ್ನೊಂದು ತುದಿ ಹಿಡಿಯಿರಿ.